ಕೊಕ್ಕೆಯೊಳಗಿನ ನೀರು

ನಮ್ಮ ಊರಿನಲ್ಲಿ ಯಾವುದೂ ತಾನಾಗಿ ನಡೆಯುವುದಿಲ್ಲ. ಬೀದಿದೀಪ ಹೊತ್ತಿಕೊಳ್ಳಬೇಕಾದರೆ ದೀಪಕ್ಕೆ ಬರೆದು ಕೊಡಬೇಕು, ನಲ್ಲಿಯಲ್ಲಿ ನೀರು ಬರಬೇಕಾದರೆ ನೀರಿಗೆ ಬರೆದು ಕೊಡಬೇಕು, ಕೋತಿಗಳು ಶಾಲೆಯ ಹೆಂಚು ಎತ್ತದಿರಬೇಕಾದರೆ ಕೋತಿಗಳಿಗೂ ಬರೆದು ಕೊಡಬೇಕು. ಅದೂ ಅವವುಗಳ ಭಾಷೆಯಲ್ಲಿ. ನೀರಿಗೆ ದೀಪದ ಭಾಷೆಯಲ್ಲಿ ಬರೆದರೆ ಅದು ಮದುವೆಮನೆಯಲ್ಲಿ ಸಿಟ್ಟಾದ ಬೀಗರ ಹಾಗೆ ಮುಖ ತಿರುಗಿಸಿಕೊಂಡು ಕೂತುಬಿಡುತ್ತದೆ. ಬೇರೆ ಊರಿನಿಂದ ಸೊಸೆಯಾಗಿ ಬಂದವರು ಮೊದಲ ಒಂದು ವಾರ ಗಾಬರಿಯಾಗುತ್ತಾರೆ. ಆಮೇಲೆ ಅವರೂ ನಮ್ಮೆಲ್ಲರಂತೆ ಬರಹ ಕಚೇರಿಯನ್ನು ಬೈಯುವುದು ಕಲಿತು ಊರಿನವರೇ ಆಗಿಬಿಡುತ್ತಾರೆ.

ಆ ಬೈಗುಳದಲ್ಲಿ ಅರ್ಧ ಪಾಲು ನನ್ನದು. ನನ್ನ ಹೆಸರು ಚೂಡಾಮಣಿ. ಹತ್ತೊಂಬತ್ತು ವರ್ಷದಿಂದ ಬರಹ ಕಚೇರಿಯಲ್ಲಿ ಬರೆಯುವ ಕೆಲಸ ಮಾಡುತ್ತಿದ್ದೇನೆ. ಇಡೀ ಊರಿಗೆ ಇರುವುದು ಒಂದೇ ಕಡತ. ಅದು ನನ್ನ ಮೇಜಿನ ಮೇಲಿರುವ ಕಂಪ್ಯೂಟರಿನಲ್ಲಿದೆ. ಕಡತದ ಒಂದೊಂದು ಆದೇಶಕ್ಕೂ ಎರಡು ಭಾಗ. ಹೊರಗಿನದು ಕಚೇರಿ ಕನ್ನಡ: ಯಾರಿಗೆ, ಯಾವ ಬೀದಿಗೆ, ಎಷ್ಟು ಗಂಟೆಗೆ ಎಂದೆಲ್ಲ ಬರೆದು ಕೊನೆಗೆ ಒಂದು ‘ತಕ್ಕದ್ದು’. ಒಳಗಿನದು ನೀರಿನದೋ ದೀಪದ್ದೋ ಕೋತಿಯದೋ ಸ್ವಂತ ಭಾಷೆ. ಅದನ್ನು ಉದ್ಧರಣ ಚಿಹ್ನೆಗಳ ನಡುವೆ ಇಡಬೇಕು. ಶಾಲೆಯಲ್ಲಿ ಉದ್ಧರಣ ಚಿಹ್ನೆ ಎನ್ನುವುದನ್ನು ನಾವು ಕೊಕ್ಕೆ ಎನ್ನುತ್ತೇವೆ. ನೋಡಲೂ ಹಾಗೆಯೇ ಇದೆ, ಕಚೇರಿಯವರು ಎಲ್ಲದಕ್ಕೂ ಕೊಕ್ಕೆ ಹಾಕುತ್ತಾರೆ ಎಂಬ ಜನರ ದೂರಿಗೂ ಹೊಂದಿಕೊಂಡಿದೆ.

ಬರೆಯಲು ತೆರೆದುಕೊಳ್ಳುವ ಪರದೆಗೆ ಎಡಿಟರ್ ಎನ್ನುತ್ತಾರೆ. ಕಚೇರಿ ಕನ್ನಡವೆಂದರೆ ಅದಕ್ಕೆ ಬಹಳ ಪ್ರೀತಿ. ಬೀದಿಯ ಹೆಸರು ನೀಲಿ, ಗಂಟೆ ಕೇಸರಿ, ‘ತಕ್ಕದ್ದು’ ನೇರಳೆ. ಒಂದು ಒತ್ತಕ್ಷರ ತಪ್ಪಿದರೂ ಕೆಳಗೆ ಕೆಂಪು ಗೆರೆ ಹಾವಿನಂತೆ ಹರಿದಾಡುತ್ತದೆ. ಆದರೆ ಕೊಕ್ಕೆ ತೆರೆದ ಮೇಲೆ ಅದು ಕಣ್ಣು ಮುಚ್ಚಿಕೊಳ್ಳುತ್ತದೆ. ಕೊಕ್ಕೆಯೊಳಗೆ ನೀವು ನೀರಿಗೆ ಬರೆಯಿರಿ, ನಿಮ್ಮ ಅತ್ತೆಯನ್ನು ಬೈದು ಬರೆಯಿರಿ, ಎಲ್ಲವೂ ಒಂದೇ ಬಣ್ಣ, ಹಳಸಿದ ಹುರುಳಿಕಾಯಿ ಪಲ್ಯದ ಹಸಿರು. ಒಳಗೆ ತಪ್ಪಿದ್ದರೆ ಅದು ಗೊತ್ತಾಗುತ್ತಿದ್ದದ್ದು ಮಾರನೆಯ ದಿನ, ಊರಿನಲ್ಲಿ.

ಹಾಗೆಯೇ ನನಗೆ ಮೆಮೋ ಬಂದದ್ದು. ಪೇಟೆಬೀದಿಯ ದೀಪಗಳಿಗೆ ‘ಕೆಳಗೆ ನೋಡಿ’ ಎಂದು ಬರೆಯುವಾಗ ಒಂದು ದೀರ್ಘ ಬಿಟ್ಟೆ. ದೀಪದ ಭಾಷೆಯಲ್ಲಿ ದೀರ್ಘ ಬಿಟ್ಟರೆ ಅದು ‘ಒಳಗೆ ನೋಡಿ’ ಎಂದಾಗುತ್ತದಂತೆ. ಮೂವತ್ತೆರಡು ಕಂಬಗಳೂ ಸೊಂಟ ಬಗ್ಗಿಸಿ ಮನೆಗಳ ಬಚ್ಚಲಿನ ಕಿಟಕಿಗೆ ಮುಖವಿಟ್ಟು ನಿಂತವು. ಜನ ಮೂರು ದಿನ ಗೋಣಿಚೀಲ ಕಟ್ಟಿಕೊಂಡು ಸ್ನಾನ ಮಾಡಿದರು. ನಾಲ್ಕನೆಯ ದಿನ ಕ್ಷೌರದ ಅಂಗಡಿಯವನು ಮಾತ್ರ ತನ್ನ ಕಂಬ ಹಾಗೆಯೇ ಇರಲಿ, ಗಡ್ಡ ಚೆನ್ನಾಗಿ ಕಾಣುತ್ತದೆ ಎಂದು ಅರ್ಜಿ ಕೊಟ್ಟ.

ಮೆಮೋ ಕೊಟ್ಟವರು ನಮ್ಮ ಮುಖ್ಯಸ್ಥರು, ವಿಶ್ವಂಭರಯ್ಯನವರು. ಅವರ ಕೋಣೆಯ ಬಾಗಿಲಿಗೆ ‘ಜಲಭಾಷಾ ಪಂಡಿತರು’ ಎಂದು ಹಿತ್ತಾಳೆಯ ಹಲಗೆ ಹೊಡೆದಿದೆ. ಊರಿನಲ್ಲಿ ನೀರಿನ ಭಾಷೆ ಬಲ್ಲವರು ಅವರೊಬ್ಬರೇ ಎಂದು ಎಲ್ಲರಿಗೂ ಗೊತ್ತು, ಏಕೆಂದರೆ ಹಲಗೆಯಲ್ಲಿ ಹಾಗೆ ಬರೆದಿದೆ.

“ಕೊಕ್ಕೆ ಒಳಗಿನ ವಿಷಯ ನಿಮಗ್ಯಾಕೆ ಚೂಡಾಮಣಿಯವರೇ?” ಎಂದರು. “ಹಳೇ ಆದೇಶದಿಂದ ಎತ್ತಿ ಹಾಕಿ ಅಂದ್ರೆ ನೀವು ಸ್ವಂತ ಬುದ್ಧಿ ಓಡಿಸ್ತೀರಿ.”

“ಕಂಬ ಹೊಸದು ಸಾರ್, ಹಳೇ ಆದೇಶ ಇರಲಿಲ್ಲ.”

“ಇರಲಿಲ್ಲ ಅಂದ್ರೆ ಬರೀಬಾರದಿತ್ತು. ಒಳಗೆ ಏನಿದೆ ಅಂತ ನೋಡೋಕೆ ಹೋದೋರು ಯಾರೂ ಉದ್ಧಾರ ಆಗಿಲ್ಲ, ತಿಳ್ಕೊಳ್ಳಿ.”

ಆ ಸಿಟ್ಟಿನಲ್ಲಿ ನಾನು ಮಧ್ಯಾಹ್ನದ ಊಟದ ಬಿಡುವಿನಲ್ಲಿ ಎಡಿಟರಿನ ಮೂಲೆಮೂಲೆಯನ್ನೂ ಒತ್ತಿ ನೋಡತೊಡಗಿದೆ. ಹತ್ತೊಂಬತ್ತು ವರ್ಷ ಬಳಸಿದರೂ ಅದರ ಸಹಾಯದ ಪುಟವನ್ನು ನಾನು ಓದಿರಲಿಲ್ಲ. ನಮ್ಮಲ್ಲಿ ಯಾರೂ ಓದುವುದಿಲ್ಲ, ಅದೊಂದು ಮರ್ಯಾದೆಯ ಪ್ರಶ್ನೆ. ಐದನೆಯ ದಿನ, ಬಾಯಲ್ಲಿ ಚಿತ್ರಾನ್ನ ಇರುವಾಗ, ಒಂದು ಸಾಲು ಕಣ್ಣಿಗೆ ಬಿತ್ತು. ಕೊಕ್ಕೆಗೆ ಮೊದಲು ಎರಡು ಓರೆಗೆರೆ ಎಳೆದು ಒಳಗಿರುವುದು ಯಾವ ಭಾಷೆ ಎಂದು ಹೇಳಿದರೆ ಒಳಗೂ ಬಣ್ಣ ಹಚ್ಚುತ್ತೇನೆ, ತಪ್ಪು ತೋರಿಸುತ್ತೇನೆ, ಬೇಕಾದರೆ ಅಷ್ಟು ಭಾಗವನ್ನೇ ಒಂದು ಪುಟ್ಟ ಕಿಟಕಿಯಲ್ಲಿ ಬಿಡಿಸಿ ಕೊಡುತ್ತೇನೆ ಎಂದು ಆ ಎಡಿಟರ್ ಇಷ್ಟು ವರ್ಷವೂ ಕೈಮುಗಿದು ನಿಂತಿತ್ತು.

ದೀಪದ ಆದೇಶಕ್ಕೆ ಹೋಗಿ ಎರಡು ಓರೆಗೆರೆ ಎಳೆದು ‘ಒಳಗೆ ದೀಪ’ ಎಂದು ಬರೆದೆ. ಹುರುಳಿಕಾಯಿ ಹಸಿರು ಮಾಯವಾಯಿತು. ಪದಗಳು ಹಳದಿ, ಬಿಳಿ, ಕಿತ್ತಳೆಯಾಗಿ ಹೊತ್ತಿಕೊಂಡವು. ನಾನು ಬಿಟ್ಟಿದ್ದ ದೀರ್ಘದ ಕೆಳಗೆ ಕೆಂಪು ಗೆರೆ ಬಂದು ಕೂತಿತು. ಮೂರನೆಯ ಅಕ್ಷರ ಒತ್ತುವಷ್ಟರಲ್ಲಿ ಮುಂದಿನ ಪದ ಯಾವುದಿರಬಹುದು ಎಂದು ತಾನೇ ಪಟ್ಟಿ ಕೊಟ್ಟಿತು. ನಾನು ಚಿತ್ರಾನ್ನದ ಡಬ್ಬಿ ಮುಚ್ಚುವುದನ್ನೂ ಮರೆತು ಕೋತಿಗಳ ಆದೇಶಕ್ಕೆ ಹೋದೆ. ಅದೂ ಬಣ್ಣವಾಯಿತು. ಕೋತಿಗಳಿಗೆ ‘ಹೆಂಚು ಮುಟ್ಟಬೇಡಿ’ ಎನ್ನುವ ಬದಲು ಇಷ್ಟು ವರ್ಷ ‘ಹೆಂಚನ್ನು ನಿಧಾನವಾಗಿ ಮುಟ್ಟಿ’ ಎಂದು ಹೇಳುತ್ತಿದ್ದೆವು ಎಂದು ತಿಳಿಯಿತು. ಪಾಪ, ಅವು ನಿಧಾನವಾಗಿಯೇ ಮುಟ್ಟುತ್ತಿದ್ದವು.

ನೀರಿನ ಆದೇಶಕ್ಕೆ ಹೋಗಿ ‘ಒಳಗೆ ನೀರು’ ಎಂದು ಬರೆದಾಗ ಮಾತ್ರ ಏನೂ ಆಗಲಿಲ್ಲ. ಈ ಭಾಷೆ ನನಗೆ ಯಾರೂ ಕಲಿಸಿಲ್ಲ, ಪದಗಳನ್ನೂ ವ್ಯಾಕರಣವನ್ನೂ ಬರೆದು ಕೊಟ್ಟರೆ ಕಲಿಯುತ್ತೇನೆ ಎಂದು ಎಡಿಟರ್ ಒಂದು ಖಾಲಿ ಪುಟ ತೆರೆದು ಕೊಟ್ಟಿತು. ಅದರ ತಲೆಯಲ್ಲಿ ‘ಬರೆದವರು’ ಎಂದು ಒಂದು ಸಾಲು, ಅದೂ ಖಾಲಿ.

ಸಹಜವಾಗಿ ಪಂಡಿತರ ಬಳಿಗೆ ಹೋದೆ. ಅವರು ಕನ್ನಡಕ ಒರೆಸಿದರು, ಮತ್ತೆ ಒರೆಸಿದರು. “ನೀರಿನ ಭಾಷೆ ಅನ್ನೋದು ಗುರುಮುಖೇನ ಬರಬೇಕಾದ್ದು. ಕಂಪ್ಯೂಟರಿಗೆಲ್ಲ ಹೇಳಿಕೊಡೋಕಾಗಲ್ಲ” ಎಂದರು. ಕನ್ನಡಕ ಮೂರನೆಯ ಸಲ ಒರೆಸಿದಾಗಲೇ ನನಗೆ ಅನುಮಾನ ಬಂದಿದ್ದು.

ಇಲ್ಲಿ ಮೇಲ್‌ಕೇರಿಯ ವಿಷಯ ಹೇಳಬೇಕು. ಊರಿನ ಪಕ್ಕದ ಗುಡ್ಡದ ಮೇಲೆ ನೂರಾಹದಿನೆಂಟು ಮೆಟ್ಟಿಲು ಹತ್ತಿದರೆ ಸಿಗುವ ಬೀದಿ ಅದು. ಹನ್ನೊಂದು ವರ್ಷದ ಹಿಂದೆ ಅಲ್ಲಿಗೆ ಪೈಪು ಹಾಕಿ, ನಲ್ಲಿ ಕೂರಿಸಿ, ರಿಬ್ಬನ್ ಕತ್ತರಿಸಿದರು. ನೀರಿಗೆ ಆದೇಶ ಬರೆದವರು ವಿಶ್ವಂಭರಯ್ಯನವರು. ನೀರು ಬರಲಿಲ್ಲ. ಆರು ತಿಂಗಳು ಅಧ್ಯಯನ ಮಾಡಿ ಅವರು ವರದಿ ಕೊಟ್ಟರು: ನೀರಿಗೆ ಎತ್ತರದ ಭಯವಿದೆ. ಊರು ಒಪ್ಪಿಕೊಂಡಿತು. ಮೇಲ್‌ಕೇರಿಯವರೂ ಒಪ್ಪಿಕೊಂಡು ಕೆಳಗಿನಿಂದ ಹೊತ್ತು ತರುವುದನ್ನು ಮುಂದುವರಿಸಿದರು. ಅಲ್ಲಿ ಮದುವೆಯ ಕರೆಯೋಲೆಯಲ್ಲಿ ‘ಉಡುಗೊರೆ ಬೇಡ, ಒಂದು ಕೊಡ ನೀರು ತನ್ನಿ’ ಎಂದು ಅಚ್ಚು ಹಾಕಿಸುತ್ತಾರೆ. ಅಕ್ಕಿ ತೊಳೆದ ನೀರಿನಲ್ಲಿ ಕಾಲು ತೊಳೆದು, ಕಾಲು ತೊಳೆದ ನೀರನ್ನು ಕರಿಬೇವಿಗೆ ಹಾಕುತ್ತಾರೆ. ನಲ್ಲಿಗಳಿಗೆ ಮಾತ್ರ ವರ್ಷಕ್ಕೊಮ್ಮೆ ಆಯುಧಪೂಜೆಯ ದಿನ ಕುಂಕುಮ ಹಚ್ಚುತ್ತಾರೆ, ಮನೆಯಲ್ಲಿರುವ ಕಬ್ಬಿಣ ಅಂದ ಮೇಲೆ ಬಿಡುವುದೇಕೆ ಎಂದು.

ಅಲ್ಲಿ ಹೊಂಬಾಳಮ್ಮ ಎನ್ನುವವರ ಇಡ್ಲಿ ಹೋಟೆಲ್ ಇದೆ. ಅರವತ್ತು ದಾಟಿದ ಹೆಂಗಸು, ಕಡ್ಡಿಯಂಥ ಮೈ, ಕುತ್ತಿಗೆ ಮಾತ್ರ ಕಂಬದಂತೆ. ಗೋಡೆಯ ಮೇಲೆ ‘ಚಟ್ನಿ ಎಷ್ಟಾದರೂ ಕೇಳಿ, ನೀರು ಕೇಳಬೇಡಿ’ ಎಂದು ಯಾರಿಂದಲೋ ಬರೆಸಿದ್ದಾರೆ. ನಾನು ಅಲ್ಲಿಗೆ ಭಾನುವಾರ ಇಡ್ಲಿ ತಿನ್ನಲು ಹೋದವಳು. ಆಕೆ ಆಗಷ್ಟೇ ಕೊಡ ಹೊತ್ತು ಮೆಟ್ಟಿಲು ಹತ್ತಿ ಬರುತ್ತಿದ್ದರು. ತುಂಬಿದ ಕೊಡ, ಒಂದು ಹನಿ ಚೆಲ್ಲಿರಲಿಲ್ಲ. ತುಟಿ ಅಲುಗುತ್ತಿತ್ತು. ಮಂತ್ರ ಹೇಳುತ್ತಿದ್ದಾರೆ ಎಂದುಕೊಂಡೆ. ಹತ್ತಿರ ಬಂದಾಗ ಕೇಳಿಸಿತು, ಲ, ಳ, ಯ ತುಂಬಿದ ಜಾರುವ ಮಾತು. ಕಡತದ ಹಳೆಯ ನೀರಿನ ಆದೇಶಗಳಲ್ಲಿ ನೋಡಿದ್ದ ಪದಗಳೇ.

“ಇದು ನೀರಿನ ಮಾತಲ್ವಾ ಅಮ್ಮಾ? ನಿಮಗೆ ಯಾರು ಕಲಿಸಿದ್ರು?”

“ಕಲಿಸೋದೇನವ್ವ?” ಎಂದು ಕೊಡ ಇಳಿಸಿದರು. “ನಲವತ್ತು ವರ್ಸ ತಲೆ ಮ್ಯಾಲೆ ಹೊತ್ತಿವ್ನಿ. ಕಿವಿ ಪಕ್ಕದಲ್ಲೇ ಇರ್ತದೆ. ಏನಂತದೆ ಅಂತ ಕೇಳ್ದೆ ಇದ್ದಾದಾ?”

“ಹಾಗಾದ್ರೆ ಮೇಲಕ್ಕೆ ಬಾ ಅಂತ ನೀವೇ ಹೇಳಬಹುದಿತ್ತಲ್ಲ!”

“ಕೊಡದ ನೀರು ಬಾಯಿ ಮಾತು ಕೇಳ್ತದೆ. ಕೆರೆ ನೀರು ಕೇಳಕ್ಕೆ ಕಾಗ್ದ ಬೇಕು. ಕಾಗ್ದ ಬರೆಯೋರು ನೀವು. ನಂಗೆ ಅಕ್ಷರ ಬರಾಕಿಲ್ಲ.” ಆಮೇಲೆ ನನ್ನನ್ನು ಮೇಲಿಂದ ಕೆಳಗೆ ನೋಡಿ, “ಅಲ್ಲದೆ ನೀರಿಗೆ ಬಾ ಅನ್ನಂಗಿಲ್ಲ ಕಣವ್ವ. ಬಾ ಅನ್ನೋ ಮಾತೇ ಅದ್ರಲ್ಲಿ ಇಲ್ಲ. ಇಲ್ಲಿ ತಗ್ಗೈತೆ ಅನ್ಬೇಕು. ಅದಕ್ಕೆ ತಿಳೀತದೆ, ಬರ್ತದೆ” ಎಂದರು.

ಆವತ್ತಿನಿಂದ ಎರಡು ತಿಂಗಳು ನಾನು ಪ್ರತಿ ಬೆಳಿಗ್ಗೆ ಮೆಟ್ಟಿಲು ಹತ್ತಿದೆ. ಆಕೆ ಹಿಟ್ಟು ಹುಯ್ಯುತ್ತ, ಒಲೆ ಊದುತ್ತ ಹೇಳುತ್ತಿದ್ದರು, ನಾನು ಬರೆದುಕೊಳ್ಳುತ್ತಿದ್ದೆ. ನೀರಿನ ಭಾಷೆಯಲ್ಲಿ ಆಜ್ಞೆಯಿಲ್ಲ, ಬೇಡಿಕೆಯಿಲ್ಲ, ಮರ್ಯಾದೆಯ ಬಹುವಚನವಿಲ್ಲ. ಇರುವುದು ತಗ್ಗು, ಇಳಿಜಾರು, ತಿರುವು, ಮಟ್ಟಸ, ಬಿರುಕು. ಇಳಿಜಾರಿಗೆ ಮಾತ್ರ ನಲವತ್ತಾರು ಪದಗಳು. ಮಧ್ಯಾಹ್ನ ಕಚೇರಿಗೆ ಬಂದು ಅವನ್ನು ಎಡಿಟರಿಗೆ ಕಲಿಸುತ್ತಿದ್ದೆ: ಇವು ತಗ್ಗಿನ ಪದಗಳು, ಇವಕ್ಕೆ ನೀಲಿ ಬಣ್ಣ, ಇವು ತಿರುವಿನವು, ಇವಕ್ಕೆ ಬೂದು, ಬಿರುಕಿನ ಪದ ಬಂದ ಮೇಲೆ ಮಟ್ಟಸದ ಪದ ಬರಕೂಡದು, ಬಂದರೆ ಕೆಂಪು. ಎಡಿಟರ್ ಒಳ್ಳೆಯ ವಿದ್ಯಾರ್ಥಿ. ಒಮ್ಮೆ ಹೇಳಿದ್ದನ್ನು ಮತ್ತೆ ಕೇಳುತ್ತಿರಲಿಲ್ಲ. ನಾನು ಹಾಗಲ್ಲ. ‘ಸಣ್ಣಗೆ ಜಿನುಗುವ ಇಳಿಜಾರು’, ‘ಜಿನುಗಲೋ ಬೇಡವೋ ಎನ್ನುವ ಇಳಿಜಾರು’ ಎರಡಕ್ಕೂ ವ್ಯತ್ಯಾಸ ತಿಳಿಯದೆ ಹೊಂಬಾಳಮ್ಮನಿಂದ ದೋಸೆ ಮಗುಚುವ ಸಟ್ಟುಗದಲ್ಲಿ ಮೊಣಕಾಲಿಗೆ ಒಂದೇಟು ತಿಂದಿದ್ದೇನೆ.

ಕೊನೆಗೆ ಒಂದು ಬುಧವಾರ ಎಲ್ಲ ನೀರಿನ ಆದೇಶಗಳ ಮುಂದೆಯೂ ‘ಒಳಗೆ ನೀರು’ ಎಂದು ಬರೆದೆ. ಕಡತ ಮೇಲಿನಿಂದ ಕೆಳಗಿನವರೆಗೆ ನೀಲಿಯಾಯಿತು. ಪೇಟೆಬೀದಿ, ಕೋಟೆಬೀದಿ, ಆಸ್ಪತ್ರೆಯ ನಲ್ಲಿ, ಎಲ್ಲವೂ ವಿಶ್ವಂಭರಯ್ಯನವರಿಗಿಂತ ಮೊದಲಿದ್ದವರು ಬರೆದದ್ದು, ಒಂದು ತಪ್ಪಿಲ್ಲ. ಮೇಲ್‌ಕೇರಿಯ ಆದೇಶಕ್ಕೆ ಬಂದಾಗ ಪರದೆಯ ಮೇಲೆ ಯಾರೋ ಎಲೆಅಡಿಕೆ ಉಗಿದ ಹಾಗೆ ಕೆಂಪಾಯಿತು. ಪುಟ್ಟ ಕಿಟಕಿಯಲ್ಲಿ ಅದೊಂದನ್ನೇ ಬಿಡಿಸಿ ನೋಡಿದೆ. ಹೀಗಿತ್ತು: ದಳಯಳವಿಳಟ್ಟುಳ ಮೇಳಲೆಳ ಬಳರಳತಳಕ್ಕಳದ್ದುಳ.

ಹಸಿರು ಬಣ್ಣದಲ್ಲಿ ಇದ್ದಾಗ ಇದು ನೀರಿನ ಭಾಷೆಯಂತೆಯೇ ಕಾಣುತ್ತಿತ್ತು. ಈಗ ಎಲ್ಲ ಅಕ್ಷರಗಳ ಕೆಳಗೆ ಕೆಂಪು ಗೆರೆ, ಳ ಮಾತ್ರ ಚೊಕ್ಕ ನೀಲಿ. ನಾವು ಹುಡುಗಿಯರಾಗಿದ್ದಾಗ ಮೇಷ್ಟರಿಗೆ ಗೊತ್ತಾಗದ ಹಾಗೆ ಮಾತಾಡಲು ಅಕ್ಷರ ಅಕ್ಷರಕ್ಕೂ ಒಂದು ಪ ಸೇರಿಸುತ್ತಿದ್ದೆವು. ನಾನು ಕಾಗದದ ಮೇಲೆ ಳಗಳನ್ನೆಲ್ಲ ಹೊಡೆದುಹಾಕಿದೆ. ಉಳಿದದ್ದು: ದಯವಿಟ್ಟು ಮೇಲೆ ಬರತಕ್ಕದ್ದು.

ಮಾರನೆಯ ಬೆಳಿಗ್ಗೆ ಹೊಂಬಾಳಮ್ಮನಿಗೆ ಅದನ್ನು ಓದಿ ಹೇಳಿದೆ. ಆಕೆ ಇಡ್ಲಿ ಪಾತ್ರೆಯ ಮುಚ್ಚಳ ಹಿಡಿದು ನಕ್ಕ ನಗೆಗೆ ಆವಿಯೆಲ್ಲ ಆಕೆಯ ಮುಖಕ್ಕೇ ಬಡಿಯಿತು. “ಅಯ್ಯೋ ನನ್ನವ್ವ! ಳ ಅಂದ್ರೆ ಇಲ್ಲಿ ಮಟ್ಟಸಾಗೈತೆ, ಕೂತ್ಕ ಅಂತ. ಎಷ್ಟು ಸಲ ಬರ್ದವ್ನೆ?”

“ಹನ್ನೊಂದು ಸಲ.”

“ಹನ್ನೊಂದು ಸಲ ಕೂತ್ಕ ಅಂದ್ರೆ ಯಾರಾದ್ರೂ ಎದ್ದಾರಾ? ಪಾಪ, ಅದು ಹೇಳ್ದಂಗೆ ಕೇಳ್ಕಂಡು ಕೂತದೆ. ನಾವು ಅದ್ನ ಹೆದ್ರುಪುಕ್ಲ ಅಂತ ಅಂದ್ವಲ್ಲ.” ನಗು ಇದ್ದಕ್ಕಿದ್ದಂತೆ ನಿಂತಿತು. ಮುಚ್ಚಳವನ್ನು ಬದಿಗಿಟ್ಟು ಸೆರಗಿನಿಂದ ಮುಖ ಒರೆಸಿಕೊಂಡರು. “ನಮ್ಮ ಯಜಮಾನ್ರು ಕೊಡ ಹೊತ್ಕಂಡೇ ಮೆಟ್ಲಿಂದ ಬಿದ್ದು ತೀರ್ಕಂಡಿದ್ದು, ಗೊತ್ತಾ? ಪೈಪ್ ಹಾಕಿದ್ ಮಾರ್ನೇ ವರ್ಸ.” ಅಷ್ಟೇ ಹೇಳಿ ಮುಂದಿನ ಹಬೆಗೆ ಹಿಟ್ಟು ಹುಯ್ದರು.

ಗುಡ್ಡಕ್ಕೆ ನೀರನ್ನು ಹೇಗೆ ಕರೆಯುವುದು ಎನ್ನುವುದು ಉಳಿದಿತ್ತು. ತಗ್ಗಿದೆ ಎಂದು ಸುಳ್ಳು ಹೇಳೋಣ ಎಂದೆ. “ನೀರಿಗೆ ಸುಳ್ಳು ಹೇಳಿದ್ರೆ ಒಂದ್ಸಲ ಬರ್ತದೆ, ಆಮ್ಯಾಕೆ ನಿನ್ನ ಮನೆ ಪಾಯ ಹುಡ್ಕಂಡು ಬರ್ತದೆ” ಎಂದರು ಹೊಂಬಾಳಮ್ಮ. ಯೋಚಿಸಿ ಯೋಚಿಸಿ ಒಂದು ಸಾಲು ಕೊಟ್ಟರು. ಕನ್ನಡದಲ್ಲಿ ಹೇಳುವುದಾದರೆ ಹೀಗೆ: ಹಿಂದೆ ಬಹಳ ಮಂದಿ ಬರುತ್ತಿದ್ದಾರೆ, ಮುಂದೆ ಜಾಗವಿದೆ, ನಿಂತರೆ ತಳ್ಳುತ್ತಾರೆ. ಪುಟ್ಟ ಕಿಟಕಿಯಲ್ಲಿ ಬರೆದೆ. ಎಲ್ಲ ನೀಲಿ, ಒಂದು ಕೆಂಪು ಗೆರೆಯಿಲ್ಲ.

ಆದರೆ ಯಾವ ಆದೇಶ ಬದಲಾದರೂ ಮುಖ್ಯಸ್ಥರು ಗಾಜಿನ ಮೇಲೆ ಹೆಬ್ಬೆಟ್ಟು ಒತ್ತದೆ ಕಡತ ಉಳಿಯುವುದಿಲ್ಲ. ಪಂಡಿತರಿಂದ ಹೆಬ್ಬೆಟ್ಟು ಒತ್ತಿಸಿಕೊಳ್ಳುವ ಕಚೇರಿ ನಮ್ಮದು. ಕಂಪ್ಯೂಟರನ್ನು ಅವರ ಕೋಣೆಗೆ ಹೊತ್ತುಕೊಂಡು ಹೋಗಿ, ಅವರತ್ತ ತಿರುಗಿಸಿ, ಕೆಂಪು ತುಂಬಿದ ಹಳೆಯ ಆದೇಶವನ್ನು ತೋರಿಸಿದೆ.

ಅವರು ಬಹಳ ಹೊತ್ತು ನೋಡಿದರು. ಕನ್ನಡಕ ಒರೆಸಲಿಲ್ಲ. “ಬಾಗಿಲು ಹಾಕಿ” ಎಂದರು. ಹಾಕಿದೆ.

“ಆಗ ನಾನೇನು ಮಾಡಬೇಕಿತ್ತಮ್ಮ? ಕೆಲಸಕ್ಕೆ ಸೇರಿದ ದಿನವೇ ಹಲಗೆ ಹೊಡೆದ್ರು. ಬರಲ್ಲ ಅಂತ ಹೇಳೋದು ಹೇಗೆ? ಹಳೇದನ್ನ ಎತ್ತಿ ಹಾಕ್ತಾ ಕಾಲ ಹಾಕಿದೆ. ಮೇಲ್‌ಕೇರಿಗೆ ಹಳೇದಿರಲಿಲ್ಲ.”

“ಹೊಸದು ಇದೆ ಸಾರ್ ಈಗ. ಒಂದು ಹೆಬ್ಬೆಟ್ಟು.”

“ಈಗ ನೀರು ಹತ್ತಿದ್ರೆ ಹನ್ನೊಂದು ವರ್ಷ ಯಾಕೆ ಹತ್ತಲಿಲ್ಲ ಅಂತ ಕೇಳಲ್ವಾ?”

ಬರುವ ತಿಂಗಳು ಅವರ ನಿವೃತ್ತಿ. ಸಭಾಭವನದಲ್ಲಿ ಅವರಿಗೆ ‘ಜಲವಾಗೀಶ’ ಎಂಬ ಬಿರುದು ಕೊಡುವುದೆಂದು ನಿಶ್ಚಯವಾಗಿತ್ತು. ಅವರ ಕಣ್ಣು ಮೇಜಿನ ಮೇಲಿದ್ದ ಆಹ್ವಾನಪತ್ರಿಕೆಯ ಕಟ್ಟಿನ ಮೇಲೆ ಹೋಯಿತು, ನನ್ನ ಕಣ್ಣೂ ಹೋಯಿತು. ನಾನು ಒಳ್ಳೆಯವಳೇನಲ್ಲ. “ಸಮಾರಂಭಕ್ಕೆ ಮೊದಲು ನೀರು ಹತ್ತಿದ್ರೆ, ನೀವೇ ಹತ್ತಿಸಿದ್ದು ಅನ್ನಲ್ವಾ ಜನ?” ಎಂದೆ.

ಅವರು ಪರದೆಯನ್ನು ಮತ್ತೆ ನೋಡಿದರು. ವ್ಯಾಕರಣದ ಪುಟ ತೆರೆಸಿದರು. ಅದರ ತಲೆಯಲ್ಲಿ ‘ಬರೆದವರು: ಹೊಂಬಾಳಮ್ಮ, ಚೂಡಾಮಣಿ’ ಎಂದಿತ್ತು. ಬೆರಳಿಟ್ಟು ತೋರಿಸಿದರು. “ಇಲ್ಲಿ ನನ್ನ ಹೆಸರಿರಲಿ. ಹೆಬ್ಬೆಟ್ಟು ಒತ್ತುತೀನಿ.”

ನನಗೆ ಮೈಯೆಲ್ಲ ಉರಿಯಿತು. ಹತ್ತೊಂಬತ್ತು ವರ್ಷದಲ್ಲಿ ನನ್ನ ಹೆಸರು ಇದ್ದ ಏಕೈಕ ಕಾಗದ ಆ ಮೆಮೋ. ಇದೊಂದು ಪುಟದ ಮೇಲೆ ಹೆಸರು ನೋಡಿದಾಗ ಒಳಗೊಳಗೇ ಹಿಗ್ಗಿದ್ದೆ. ಎದ್ದು ನೂರಾಹದಿನೆಂಟು ಮೆಟ್ಟಿಲನ್ನು ಒಂದೇ ಉಸಿರಿಗೆ ಹತ್ತಿದೆ. ಹೊಂಬಾಳಮ್ಮ ತೊಟ್ಟಿಯ ಪಕ್ಕದಲ್ಲಿ ಪಾತ್ರೆ ಬೆಳಗುತ್ತಿದ್ದರು. ಎಲ್ಲ ಹೇಳಿ, “ಕೊಡಬೇಡಿ ಅಮ್ಮಾ. ನಿಮ್ಮ ನಲವತ್ತು ವರ್ಷ ಅದು. ನಾವು ಊರಿನ ಅಧ್ಯಕ್ಷರ ಹತ್ರ ಹೋಗೋಣ, ದೂರು ಕೊಡೋಣ” ಎಂದೆ.

“ದೂರು ಕೊಟ್ರೆ ಏನಾಯ್ತದೆ?”

“ವಿಚಾರಣೆ ಆಗತ್ತೆ.”

“ಎಷ್ಟು ವರ್ಸ?”

ಆಕೆ ಬೂದಿ ಕೈಯನ್ನು ಲೋಟದಷ್ಟು ನೀರಿನಲ್ಲಿ ತೊಳೆದು, ಆ ನೀರನ್ನು ಇನ್ನೊಂದು ಪಾತ್ರೆಗೆ ಬಗ್ಗಿಸಿಕೊಂಡರು. “ಹೆಸ್ರು ಇಟ್ಕಳ್ಳಿ ಬುಡವ್ವ. ಇವತ್ತು ನಾನು ಆರು ಸಲ ಮೆಟ್ಲು ಹತ್ತಿವ್ನಿ. ನೀರು ಬರ್ತದಾ, ಅದ ಹೇಳು.”

ಹೆಸರು ಬದಲಾಯಿಸಿದೆ. ಒಂದೊಂದು ಅಕ್ಷರ ಅಳಿಸುವಾಗಲೂ ಕೀಲಿಮಣೆಯನ್ನು ಬೇಕೆಂದೇ ಜೋರಾಗಿ ಕುಟ್ಟಿದೆ. ವಿಶ್ವಂಭರಯ್ಯನವರು ಹೊಸ ಆದೇಶವನ್ನು ಓದಿ, “ದಯವಿಟ್ಟು ಎಲ್ಲಿ?” ಎಂದರು.

“ನೀರಿನಲ್ಲಿ ದಯವಿಟ್ಟು ಇಲ್ಲ ಸಾರ್.”

“ದಯವಿಟ್ಟು ಇಲ್ಲದೆ ಈ ಕಚೇರಿಯಿಂದ ಒಂದು ಕಾಗದ ಹೊರಗೆ ಹೋಗಿಲ್ಲ.” ಕೊನೆಗೆ ಅದನ್ನು ಕೊಕ್ಕೆಯ ಹೊರಗೆ, ಓರೆಗೆರೆಯ ಪಕ್ಕದಲ್ಲಿ, ನೀರೂ ಓದದ ಮನುಷ್ಯರೂ ಓದದ ಜಾಗದಲ್ಲಿ ಹಾಕಿಕೊಟ್ಟೆ. ಹೆಬ್ಬೆಟ್ಟು ಬಿತ್ತು.

ಮಾರನೆಯ ಬೆಳಿಗ್ಗೆ ಏಳು ಗಂಟೆಗೆ ಮೇಲ್‌ಕೇರಿಯ ಜನವೆಲ್ಲ ನಲ್ಲಿಗಳ ಮುಂದೆ ನಿಂತಿದ್ದರು. ಯಾರಿಗೂ ನಂಬಿಕೆಯಿರಲಿಲ್ಲ, ಆದರೂ ಕೈಯಲ್ಲಿ ಕೊಡ ಇತ್ತು. ಮೊದಲು ಪೈಪಿನೊಳಗೆ ಗಂಟಲು ಸರಿಮಾಡಿಕೊಂಡ ಸದ್ದು. ಆಮೇಲೆ ಹನ್ನೊಂದು ವರ್ಷದ ತುಕ್ಕು, ಒಂದು ಸತ್ತ ಹಲ್ಲಿ, ಮತ್ತೆ ನೀರು. ಬಂದ ರಭಸಕ್ಕೆ ಮೂರು ನಲ್ಲಿಗಳ ತಲೆ ಹಾರಿಹೋಯಿತು. ಹಿಂದಿನವರು ತಳ್ಳುತ್ತಾರೆ ಎಂಬುದನ್ನು ನೀರು ಮನಸ್ಸಿಗೆ ತೆಗೆದುಕೊಂಡಿತ್ತು. ಅದು ಮೇಲ್‌ಕೇರಿಯನ್ನೂ ದಾಟಿ ಗುಡ್ಡದ ತುದಿಯಲ್ಲಿದ್ದ ಮೊಬೈಲ್ ಟವರಿನ ಕಾವಲುಗಾರನ ಚಾಪೆಯನ್ನು ತೇಲಿಸಿಬಿಟ್ಟಿತು. ಕೆಳಗೆ ಪೇಟೆಯಲ್ಲಿ ಒಂದು ಹೊತ್ತು ನಲ್ಲಿ ಒಣಗಿ, ಅಲ್ಲಿಯವರು ಖಾಲಿ ಬಕೆಟ್ ಹಿಡಿದು ಕಚೇರಿಯ ಮುಂದೆ ಕೂಗಾಡಿದರು. ಸಂಜೆಯೊಳಗೆ ‘ಬಹಳ ಮಂದಿ’ಯನ್ನು ‘ಸಾಕಷ್ಟು ಮಂದಿ’ ಎಂದು ತಿದ್ದಿ, ಇನ್ನೊಂದು ಹೆಬ್ಬೆಟ್ಟು ಒತ್ತಿಸಿ ಸರಿಮಾಡಿದೆ.

ಮೇಲ್‌ಕೇರಿಯಲ್ಲಿ ಯಾರೂ ಕೂಗಾಡಲಿಲ್ಲ. ಜನ ನೀರಿನ ಕೆಳಗೆ ಸುಮ್ಮನೆ ಕೈ ಹಿಡಿದು ನಿಂತಿದ್ದರು. ಹೊಂಬಾಳಮ್ಮ ಹೋಟೆಲಿನ ನಲ್ಲಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಬೀಳುವ ನೀರಿಗೆ ಏನೋ ಹೇಳುತ್ತಿದ್ದರು. ಈಗ ನನಗೂ ಸ್ವಲ್ಪ ತಿಳಿಯುತ್ತಿತ್ತು. ಆದರೆ ಅದು ಅವರವರ ಮಾತು, ನಾನು ಕಿವಿಗೊಡಲಿಲ್ಲ. ತಿರುಗಿ ನೋಡಿದರೆ ಮೆಟ್ಟಿಲಿನ ತುದಿಯಲ್ಲಿ ಏದುಸಿರು ಬಿಡುತ್ತ ವಿಶ್ವಂಭರಯ್ಯನವರು ನಿಂತಿದ್ದರು. ಅವರು ಈ ಮೆಟ್ಟಿಲು ಹತ್ತಿದ್ದು ಅದೇ ಮೊದಲು. ಆಕೆ ಮಾತಾಡುವುದನ್ನು ನೋಡುತ್ತಲೇ ಇದ್ದರು. ಅವರ ಬಾಯಿ ಸ್ವಲ್ಪ ತೆರೆದಿತ್ತು. ನನ್ನನ್ನು ಕಂಡು ಇಳಿದು ಹೋದರು.

ಸಮಾರಂಭಕ್ಕೆ ಇಡೀ ಊರು ಬಂದಿತ್ತು. ಇಡ್ಲಿ ಬಡಿಸಲು ಹೊಂಬಾಳಮ್ಮನನ್ನು ಕರೆಸಿದ್ದರು. ಆಕೆ ಬಾಗಿಲಿನ ಬಳಿ ಚಟ್ನಿ ಬಕೆಟ್ ಹಿಡಿದು ನಿಂತಿದ್ದರು. ಅಧ್ಯಕ್ಷೆ ರುದ್ರಾಂಬೆಯವರು ಮುಕ್ಕಾಲು ಗಂಟೆ ಮಾತಾಡಿ, ಗುಡ್ಡಕ್ಕೆ ನೀರು ಹತ್ತಿಸಿದ ಮಹಾನುಭಾವರು ಎಂದು ಶಾಲು ಹೊದಿಸಿದರು. ವರ್ತಕರ ಸಂಘದವರು ಇನ್ನೊಂದು, ಮಹಿಳಾ ಸಮಾಜದವರು ಇನ್ನೊಂದು. ನಾಲ್ಕನೆಯದು ಬಂದಾಗ ವಿಶ್ವಂಭರಯ್ಯನವರ ಮೂಗು ಮಾತ್ರ ಕಾಣುತ್ತಿತ್ತು. ಆಗ ಹಿಂದಿನ ಸಾಲಿನಿಂದ ಯಾರೋ ಕೂಗಿದರು: “ಸ್ವಾಮೀ, ನೀರಿನಲ್ಲಿ ಒಂದು ಮಾತಾಡಿ! ನಾವೂ ಕೇಳ್ತೀವಿ!” ಸಭೆಯೆಲ್ಲ ಚಪ್ಪಾಳೆ ಹೊಡೆಯಿತು.

ಅವರು ಮೈಕಿನ ಮುಂದೆ ನಿಂತರು. ಮೇಜಿನ ಮೇಲೆ ಒಂದು ಲೋಟ ನೀರಿತ್ತು. ಅದನ್ನು ನೋಡಿದರು. ಈಗ ಮತ್ತೆ ಳ ಸೇರಿಸಿ ಏನೋ ಒದರುತ್ತಾರೆ, ಲೋಟದ ನೀರು ಪಾಪ ಕೂತಲ್ಲೇ ಕೂರುತ್ತದೆ ಎಂದುಕೊಂಡೆ.

“ನನಗೆ ಬರಲ್ಲ” ಎಂದರು ವಿಶ್ವಂಭರಯ್ಯ.

ಸಭೆಯಲ್ಲಿ ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಚಪ್ಪಾಳೆ. “ಎಂಥಾ ವಿನಯ!” ಎಂದರು ಅಧ್ಯಕ್ಷೆ.

“ವಿನಯ ಅಲ್ಲಮ್ಮಾ, ನಿಜವಾಗ್ಲೂ ಬರಲ್ಲ. ಒಂದಕ್ಷರ ಬರಲ್ಲ. ಹನ್ನೊಂದು ವರ್ಷದ ಹಿಂದೆ ನಾನು ಬರೆದದ್ದು ಶುದ್ಧ ಬೊಗಳೆ. ಈ ಮಾತು ಬಲ್ಲವರು ಅಲ್ಲಿ ಬಾಗಿಲ ಹತ್ರ ಚಟ್ನಿ ಹಿಡಿದು ನಿಂತಿದ್ದಾರಲ್ಲ, ಆ ತಾಯಿ. ಬರೆದದ್ದು ಚೂಡಾಮಣಿ.”

ಚಪ್ಪಾಳೆ ಇಮ್ಮಡಿಯಾಯಿತು. “ಕೈಕೆಳಗಿನವರನ್ನ ಹೇಗೆ ಮೇಲೆತ್ತುತಾರೆ ನೋಡಿ, ದೊಡ್ಡವರು ಅಂದ್ರೆ ಹಿಂಗಿರ್ಬೇಕು” ಎಂದು ನನ್ನ ಪಕ್ಕದ ಹೆಂಗಸು ಕಣ್ಣೊರೆಸಿಕೊಂಡಳು. ಅವರು ಮೈಕನ್ನು ಎರಡೂ ಕೈಯಲ್ಲಿ ಹಿಡಿದು “ನಂಬ್ರಯ್ಯಾ!” ಎಂದು ಕೂಗಿ ಅತ್ತೇಬಿಟ್ಟರು. ಆನಂದಬಾಷ್ಪ ಎಂದು ಅಧ್ಯಕ್ಷೆ ಘೋಷಿಸಿ, ವಿನಯಕ್ಕಾಗಿ ಐದನೆಯ ಶಾಲು ಹೊದಿಸಿದರು.

ಎಲ್ಲ ಮುಗಿದು ಸಂಜೆ ನಾನು ಪಾತ್ರೆಗಳನ್ನು ಎತ್ತಿಕೊಂಡು ಹೊಂಬಾಳಮ್ಮನ ಜೊತೆ ಗುಡ್ಡ ಹತ್ತಿದೆ. ಹೋಟೆಲಿನ ಬೆಂಚಿನ ಮೇಲೆ ವಿಶ್ವಂಭರಯ್ಯನವರು ಆಗಲೇ ಬಂದು ಕೂತಿದ್ದರು, ಐದೂ ಶಾಲು ಹೊದ್ದುಕೊಂಡೇ. ಬೆವರು ಧಾರೆಯಾಗಿ ಇಳಿಯುತ್ತಿತ್ತು.

“ನಿಜ ಹೇಳಿದ್ರೂ ನಂಬಲ್ವಲ್ಲಮ್ಮ ಇವರು” ಎಂದರು.

“ಸುಳ್ಳನ್ನ ಚೆನ್ನಾಗಿ ಹೇಳಿದ್ರಿ ಸಾರ್ ಇಷ್ಟು ದಿನ” ಎಂದೆ. ಹತ್ತೊಂಬತ್ತು ವರ್ಷದಲ್ಲಿ ಅವರಿಗೆ ನಾನು ಹಾಗೆ ಹೇಳಿದ್ದು ಅದೇ ಮೊದಲು. ಅವರು ತಲೆಯಾಡಿಸಿದರು.

“ಆ ಪುಟದಲ್ಲಿ ನನ್ನ ಹೆಸರು ಅಳಿಸಿಬಿಡಿ ನಾಳೆ.”

“ನೀವೇ ಬಂದು ಅಳಿಸಿ. ನಾನು ಒಂದ್ಸಲ ಅಳಿಸಿದ್ದೀನಿ, ಸಾಕು.”

“ಬರ್ತೀನಿ” ಎಂದರು. ಆಮೇಲೆ ಹೊಂಬಾಳಮ್ಮನ ಕಡೆ ತಿರುಗಿ, ಮಗ್ಗಿ ಮರೆತ ಹುಡುಗನ ಹಾಗೆ, “ನನಗೆ ಕಲಿಸ್ತೀರಾ ತಾಯಿ? ಬೇರೆ ಏನಿಲ್ಲ, ಒಂದು ಮಾತು ತಿಳಿದ್ರೆ ಸಾಕು” ಎಂದರು.

ಆಕೆ ನಲ್ಲಿ ತಿರುಗಿಸಿ, ಲೋಟ ತುಂಬಿ ಅವರ ಮುಂದೆ ಇಟ್ಟರು. “ಕೇಳಿ ಮೊದ್ಲು. ಏನಂತದೆ?”

ಅವರು ಲೋಟದ ಮೇಲೆ ಬಗ್ಗಿ ಕಿವಿಯಿಟ್ಟರು. ಬಹಳ ಹೊತ್ತು ಹಾಗೆಯೇ ಇದ್ದರು. “ಏನೂ ಕೇಳಿಸ್ತಿಲ್ಲ” ಎಂದರು ಕೊನೆಗೆ, ಅಳುವ ಹಾಗೆ.

“ಕಿವಿ ಮ್ಯಾಲೆ ಐದೈದು ಶಾಲು ಹೊದ್ಕಂಡ್ರೆ ಏನ್ ಕೇಳ್ತದೆ ಸ್ವಾಮಿ?” ಎಂದರು ಹೊಂಬಾಳಮ್ಮ. “ತಗೀರಿ ಅತ್ಲಾಗೆ.”

ವಿಶ್ವಂಭರಯ್ಯನವರು ಒಂದೊಂದಾಗಿ ಶಾಲುಗಳನ್ನು ತೆಗೆದು ಬೆಂಚಿನ ಮೇಲಿಟ್ಟರು, ಐದನೆಯದನ್ನು ತೆಗೆದು ಮುಖ ಒರೆಸಿಕೊಂಡರು, ಮತ್ತೆ ಬಗ್ಗಿದರು.